ಮಟನ್ ಅಂಗಡಿ ಲಿವರ್, ಒಂದು ಓಎಚ್, ಮತ್ತೆ ಮೂರು ತಿಂಗಳು ಸತಾಯಿಸಿದ ನೀಲಿ ಬಣ್ಣ

ನಮ್ಮನೇಲಿ ಯಾರೂ ಮಾಂಸ ಮುಟ್ಟಲ್ಲ. ಅಂಥಾದ್ರಲ್ಲಿ ಬೆಳಿಗ್ಗೆ ಆರೂವರೆಗೆ ಜಡಿಮಳೇಲಿ ಒಂದು ಕೈಲಿ ಛತ್ರಿ, ಇನ್ನೊಂದು ಕೈಲಿ ಥರ್ಮೋಕೋಲ್ ಡಬ್ಬಿ ಹಿಡ್ಕೊಂಡು ನಾನು ಮಟನ್ ಅಂಗಡಿ ಮುಂದೆ ನಿಂತಿದ್ದು ತೀರ್ಥಹಳ್ಳೀಲಿ ನಾಕು ದಿನ ಸುದ್ದಿ ಆಯ್ತು.

"ಎಂತ ಮೇಷ್ಟ್ರೇ, ನೀವು ಈ ಕಡೆ?" ಅಂದ ಅಂಗಡಿಯವನು. ಮೇಕೆ ಲಿವರ್ ಬೇಕಿತ್ತು ಮಾರಾಯಾ, ನೂರು ಗ್ರಾಂ ಸಾಕು, ಆದ್ರೆ ಕೊಯ್ದು ಹತ್ತು ನಿಮಿಷದ ಒಳಗೆ ಕೈಗೆ ಸಿಗ್ಬೇಕು, ಪಿತ್ತಕೋಶ ಒಡೀಬಾರ್ದು, ನೀರಲ್ಲಿ ತೊಳೀಬಾರ್ದು ಅಂತ ಒಂದೇ ಉಸಿರಿಗೆ ಹೇಳ್ದೆ. ಅವನು ಕತ್ತಿ ಕೆಳಗಿಟ್ಟು ದನಿ ಸಣ್ಣ ಮಾಡಿ "ಮನೇಲಿ ಯಾರಿಗಾದ್ರೂ ಹುಷಾರಿಲ್ವಾ, ನಾಟಿ ಔಷಧಿಗಾ?" ಅಂದ. ಔಷಧಿ ವಿಷಯಕ್ಕೇ ಅಂದೆ. ಸುಳ್ಳೇನೂ ಅಲ್ಲ.

ನಾನು ಕೆಮಿಸ್ಟ್ರಿ ಮೇಷ್ಟ್ರು, ಡಿಗ್ರಿ ಕಾಲೇಜಲ್ಲಿ. ಹೈಡ್ರಾಕ್ಸಿಲೇಷನ್ ಅನ್ನೋದನ್ನ, ಅಂದ್ರೆ ಒಂದು ಅಣುವಿನಲ್ಲಿ ಹೈಡ್ರೋಜನ್ ಇದ್ದ ಜಾಗದಲ್ಲಿ ಒಂದು ಓಎಚ್ (ಆಮ್ಲಜನಕ, ಹೈಡ್ರೋಜನ್ ಜೋಡಿ) ಕೂರಿಸೋದನ್ನ, ಹದಿನೆಂಟು ವರ್ಷದಿಂದ ಬೋರ್ಡ್ ಮೇಲೆ ಬರೀತಾನೇ ಇದೀನಿ. ಬರೆಯೋಕೆ ಏನು ಕಷ್ಟ, ಬಾಣದ ಗುರುತು ಹಾಕಿ ಮೇಲೆ ಕಿಣ್ವ ಅಂತ ಬರೆದ್ರೆ ಮುಗೀತು. ಇದು ನನಗೆ ಅರ್ಥವೇ ಆಗಿಲ್ಲ ಅಂತ ಗೊತ್ತಾಗಿದ್ದು ನಮ್ಮ ಚಿಕ್ಕಮ್ಮನಿಂದ.

ಚಿಕ್ಕಮ್ಮನಿಗೆ ಬಹಳ ವರ್ಷದಿಂದ ಫಿಟ್ಸ್ ಇದೆ, ದಿನಾ ಫೆನಿಟಾಯಿನ್ ಮಾತ್ರೆ ತಗೋತಾರೆ, ಅದು ಮನೆಯವರನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ, ಹೇಳ್ಕೊಳ್ಳೋಕೆ ನಾಚಿಕೆ. ಎರಡು ವರ್ಷದ ಹಿಂದೆ ಅವರ ಮಗನಿಗೆ ಟಿಬಿ ಬಂತು, ಹಾಗಾಗಿ ಮುನ್ನೆಚ್ಚರಿಕೆಗೆ ಅಂತ ಮನೆಯವ್ರಿಗೆಲ್ಲ ಆರು ತಿಂಗಳು ಐಸೋನಿಯಾಜಿಡ್ ಮಾತ್ರೆ ಶುರು ಮಾಡಿದ್ರು. ಬೇರೆ ಏನಾದ್ರೂ ಮಾತ್ರೆ ತಗೋತೀರಾ ಅಂತ ಕೇಳಿದ್ದಕ್ಕೆ ಚಿಕ್ಕಮ್ಮ ಇಲ್ಲ ಅಂದ್ಬಿಟ್ಟಿದ್ರು. ಮೂರು ವಾರ ಆಗೋ ಹೊತ್ತಿಗೆ ಅಂಗಳದಲ್ಲಿ ನಡೆಯೋವಾಗ ವಾಲಾಡೋದು, ಎದುರಿಗಿರೋ ಒಂದು ತುಳಸಿಕಟ್ಟೆ ಎರಡು ಕಾಣೋದು, ಮಾತು ತೊದಲೋದು. ಒಂದಿನ ನಾನು ಹೋದಾಗ ಕಾಫಿ ತಂದು ಕೊಡೋಕೆ ಬಂದವರು ಲೋಟನ ನನ್ನ ಕೈಗಿಂತ ಒಂದು ಗೇಣು ಆಚೆ ಗಾಳೀಲಿ ಇಟ್ರು. ಲೋಟ ಬಿತ್ತು. ಅವರು ಲೋಟ ನೋಡ್ತಾನೇ ಇದಾರೆ, ಕಣ್ಣುಗುಡ್ಡೆ ಮಾತ್ರ ಅಕ್ಕಪಕ್ಕಕ್ಕೆ ಪಟಪಟ ಹೊಡ್ಕೋತಿದೆ.

ರಕ್ತ ಹೊರಗೆ ಕಳಿಸಿ ಫೆನಿಟಾಯಿನ್ ಲೆವೆಲ್ ನೋಡಿಸಿದ್ವಿ. ಮಿಲಿಗೆ 10ರಿಂದ 20 ಮೈಕ್ರೋಗ್ರಾಂ ಒಳಗೆ ಇರಬೇಕಾದ್ದು 34 ಇತ್ತು. ಮಾತ್ರೆ ಒಂದೂ ಜಾಸ್ತಿ ನುಂಗಿಲ್ಲ. ಡಾಕ್ಟ್ರು ಚೀಟಿ ಬರೀತಾ "ಐಸೋನಿಯಾಜಿಡ್ ಇದ್ರೆ ಲಿವರ್‌ನಲ್ಲಿ ಇದರ ಹೈಡ್ರಾಕ್ಸಿಲೇಷನ್ ನಿಂತೋಗತ್ತೆ, ನೀವು ಕೆಮಿಸ್ಟ್ರಿಯವರಲ್ವಾ, ನಿಮಗೆ ಹೇಳೋದೇನು" ಅಂದ್ರು. ನಾನು ತಲೆ ಆಡಿಸ್ದೆ. ಹೊರಗೆ ಬಂದು ಕಾರಲ್ಲಿ ಕೂತಾಗ ಚಿಕ್ಕಮ್ಮ "ಎಂತ ಅಂದ್ರು, ಲಿವರಲ್ಲಿ ಎಂತದು ನಿಂತೋಯ್ತಂತೆ?" ಅಂತ ಕೇಳಿದ್ರೆ ನನ್ನ ಬಾಯಲ್ಲಿ ಒಂದು ವಾಕ್ಯ ನೆಟ್ಟಗೆ ಬರಲಿಲ್ಲ.

ಆ ವರ್ಷ ಫೈನಲ್ ಇಯರ್ ಪ್ರಾಜೆಕ್ಟಿಗೆ ನಾಕು ಹುಡುಗ್ರು ನನ್ನ ಪಾಲಿಗೆ ಬಂದ್ರು. ಇದನ್ನೇ ಮಾಡೋಣ, ಕೈಯಾರೆ ಒಂದು ಓಎಚ್ ಕೂರಿಸಿ ನೋಡೋಣ ಅಂದೆ.

ಮೊದಲು ಗಾಜಿನ ಪಾತ್ರೇಲೇ ಮಾಡಿದ್ವಿ. ಫೆಂಟನ್ ಅಂತ ಒಬ್ಬ 1894ರಲ್ಲೇ ಬರೆದಿದ್ದ, ಫೆರಸ್ ಕಬ್ಬಿಣ ಪ್ಲಸ್ ಹೈಡ್ರೋಜನ್ ಪೆರಾಕ್ಸೈಡು, ಅಷ್ಟೇ, ಅದರಲ್ಲಿ ಹುಟ್ಟೋ ಹೈಡ್ರಾಕ್ಸಿಲ್ ರಾಡಿಕಲ್ ಸಿಕ್ಕಿದ್ದಕ್ಕೆಲ್ಲ ಓಎಚ್ ಹಾಕತ್ತೆ. ಲ್ಯಾಬಲ್ಲಿ ಬೆಂಜೋಯಿಕ್ ಆಸಿಡ್ ಇತ್ತು, ಫೆರಸ್ ಸಲ್ಫೇಟ್ ಇತ್ತು, ಪೆರಾಕ್ಸೈಡ್ ಮೆಡಿಕಲ್ ಶಾಪಿಂದ ತಂದ್ವಿ. ಹಾಕಿದ ಎರಡು ನಿಮಿಷಕ್ಕೆ ನೇರಳೆ ಬಣ್ಣ ಬಂತು ನೋಡಿ, ಹುಡುಗ್ರು ಕೂಗಿದ್ದೇ ಕೂಗಿದ್ದು. ಬೆಂಜೋಯಿಕ್ ಆಸಿಡ್ಡಿನ ಆರು ಕಾರ್ಬನ್ನಿನ ಉಂಗುರದಲ್ಲಿ ಆಸಿಡ್ ಗುಂಪಿನ ಪಕ್ಕದ ಜಾಗಕ್ಕೆ ಓಎಚ್ ಬಿದ್ರೆ ಸ್ಯಾಲಿಸಿಲಿಕ್ ಆಸಿಡ್, ಅದಕ್ಕೆ ಫೆರಿಕ್ ಕಬ್ಬಿಣ ತಾಗಿದ್ರೆ ನೇರಳೆ, ಇಲ್ಲಿ ಫೆರಿಕ್ ಬೇರೆ ಹಾಕೋದೇ ಬೇಡ, ಅದೇ ಪಾತ್ರೇಲಿ ಹುಟ್ಟಿರತ್ತೆ. ಆದ್ರೆ ಇನ್ನೂ ಸ್ವಲ್ಪ ಬರಲಿ ಅಂತ ಪೆರಾಕ್ಸೈಡ್ ಹಾಕಿದ್ವಾ, ನೇರಳೆ ಹೋಗಿ ಕಂದು, ಕಂದು ಹೋಗಿ ಕಷಾಯ. ಟಿಎಲ್‌ಸಿ ಪ್ಲೇಟ್ (ಬೆರಕೆಯನ್ನ ಬೇರೆ ಬೇರೆ ಚುಕ್ಕೆಯಾಗಿ ಬಿಡಿಸಿ ತೋರಿಸೋದು) ಮೇಲೆ ಓಡಿಸಿದ್ರೆ ಒಂದು ಚುಕ್ಕೆ ಬರಬೇಕಾದಲ್ಲಿ ಮೇಲಿಂದ ಕೆಳಗಿನವರೆಗೂ ಮಸಿ ಗೀಟು.

ಶಿಕಾರಿಪುರ ಸೊರಬದ ಕಡೆ ಹೋರಿ ಹಬ್ಬ ನೋಡಿದೋರಿಗೆ ಇದು ಬೇಗ ಅರ್ಥ ಆಗತ್ತೆ. ಬಿಟ್ಟ ಹೋರಿಗೆ ಎದುರಿಗೆ ಯಾರು ಅಂತ ಇಲ್ಲ. ಹೈಡ್ರಾಕ್ಸಿಲ್ ರಾಡಿಕಲ್ ಹಾಗೇ, ಉಂಗುರದ ಪಕ್ಕಕ್ಕೂ ಹೊಡೀತು, ಎದುರಿಗೂ ಹೊಡೀತು, ಆಗಲೇ ಓಎಚ್ ಸಿಕ್ಕಿರೋ ಅಣುವಿಗೆ ಮತ್ತೆ ಬಂದು ಹೊಡೆದು ಉಂಗುರವನ್ನೇ ಹರೀತು. ಲಿವರ್‌ನಲ್ಲಿ ಇರೋದೂ ಕಬ್ಬಿಣವೇ, ಅಲ್ಲೂ ಬಳಸೋದು ಆಮ್ಲಜನಕವೇ. ಆದ್ರೆ ಅಲ್ಲಿ ಅದೇ ಹೋರಿಗೆ ನೊಗ ಹಾಕಿ ಗೆರೆ ಬಿಡದ ಹಾಗೆ ಉಳುಮೆ ಮಾಡಿಸ್ತಾರೆ. ಆ ಉಳುಮೆ ನೋಡ್ಬೇಕಿತ್ತು, ಅದಕ್ಕೇ ಮಟನ್ ಅಂಗಡಿ.

ಏನು ಮಾಡ್ಬೇಕು ಅಂತ ಹುಡುಕಿದಾಗ ಸಿಕ್ಕ ಅತಿ ಸುಲಭದ ದಾರಿ ಅನಿಲಿನ್. ಲಿವರ್ ಅನಿಲಿನ್‌ಗೆ ಎದುರು ತುದೀಲಿ, ಪ್ಯಾರಾ ಜಾಗದಲ್ಲಿ, ಓಎಚ್ ಹಾಕಿ ಪ್ಯಾರಾ ಅಮಿನೋಫೀನಾಲ್ ಮಾಡತ್ತೆ. ಆಮೇಲೆ ಅದಕ್ಕೆ ಕ್ಷಾರದ ಜೊತೆ ಫೀನಾಲ್ ಬೆರೆಸಿದ್ರೆ ಇಂಡೋಫೀನಾಲ್ ಅನ್ನೋ ನೀಲಿ ಬಣ್ಣ, 630 ನ್ಯಾನೋಮೀಟರಲ್ಲಿ ಓದಬಹುದು, ನಮ್ಮ ಕಾಲೇಜಿನ ಹಳೇ ಕಲರಿಮೀಟರಲ್ಲೂ ಆಗತ್ತೆ. ನೀಲಿ ಎಷ್ಟೋ ಓಎಚ್ ಅಷ್ಟು. ಕೇಳೋಕೆ ಅರ್ಧ ದಿನದ ಕೆಲಸ. ಮೂರು ತಿಂಗಳು ಹಿಡೀತು.

ಮೊದಲ ಲಿವರ್ ಪಿತ್ತಕ್ಕೆ ಹೋಯ್ತು. ಅಷ್ಟು ಹೇಳಿದ್ರೂ ಕೊಯ್ಯೋವಾಗ ಪಿತ್ತಕೋಶಕ್ಕೆ ಕತ್ತಿ ತಾಗಿ ಒಂದು ಅಂಚು ಹಸಿರಾಗಿತ್ತು, ತೊಳೆದ್ರೆ ಹೋಗತ್ತೆ ಅಂದ್ಕೊಂಡೆ. ಪಿತ್ತದ ಉಪ್ಪು ಅಂದ್ರೆ ಸೋಪಿದ್ದ ಹಾಗೆ, ನಮಗೆ ಬೇಕಾದ ಕಿಣ್ವ ಕೂತಿರೋದು ಕೊಬ್ಬಿನ ಪೊರೆ ಮೇಲೆ, ಸೋಪು ಪೊರೆನ ಬಿಡತ್ತಾ. ಎರಡನೇ ಸಲ ಲಿವರ್ ಸರಿ ಇತ್ತು, ಮನೆ ಮಿಕ್ಸೀಲಿ ಅರೆದದ್ದು ತಪ್ಪಾಯ್ತು. ನೊರೆ ಬಂತು, ಜಾರ್ ಬಿಸಿ ಆಯ್ತು. "ರೀ, ಆ ಜಾರು ಇನ್ನು ಈ ಮನೆ ಅಡುಗೆಮನೆಗೆ ಬರಕೂಡ್ದು" ಅಂದ್ಲು ನನ್ನ ಹೆಂಡ್ತಿ, ಬರಲೂ ಇಲ್ಲ, ಹೊಸ ಮಿಕ್ಸಿನೇ ಕೊಡಿಸ್ಬೇಕಾಯ್ತು.

ಆಮೇಲೆ ಗಾಜಿನ ಕೊಳವೆ ಒಳಗೆ ಟೆಫ್ಲಾನ್ ಗುಂಡು ಮೇಲೆ ಕೆಳಗೆ ಆಡಿಸಿ ಅರೆಯೋ ಹೋಮೋಜಿನೈಸರ್ ಒಂದನ್ನ ಗೆಳೆಯನ ಹತ್ರ ಇಸ್ಕೊಂಡೆ, ತಣ್ಣಗೆ ತಿರುಗೋ ಸೆಂಟ್ರಿಫ್ಯೂಜು ಅವನಿರೋ ಲ್ಯಾಬಲ್ಲೇ ಇದ್ದಿದ್ದು, ಅದು ಶಿವಮೊಗ್ಗದಲ್ಲಿ. ಇಲ್ಲಿಂದ ಅರವತ್ತು ಕಿಲೋಮೀಟರ್. ಐಸಿಗೆ ಮೀನಿನವನ ಕಾಲು ಹಿಡಿದೆ, ಆಗುಂಬೆ ಘಾಟಿ ಹತ್ತಿ ಬರೋ ಮೀನಿನ ಗಾಡೀಲಿ ಐಸಿಗೇನು ಬರ. ತೊಡೆ ಮೇಲೆ ಥರ್ಮೋಕೋಲ್ ಡಬ್ಬಿ ಇಟ್ಕೊಂಡು ಬಸ್ ಹತ್ತಿದ್ರೆ ಮಂಡಗದ್ದೆ ದಾಟೋ ಹೊತ್ತಿಗೆ ಕಂಡಕ್ಟರ್ ಮೂಗು ಅರಳಿಸಿ "ಬಂಗುಡೆನಾ ಸಾರ್?" ಅಂದ. ಐಸು ಮೀನಿಂದು, ಒಳಗಿರೋದು ಮೇಕೆದು, ತಗೊಂಡು ಹೋಗ್ತಿರೋದು ಪುಳಿಚಾರಿ, ಏನಂತ ಹೇಳ್ಲಿ.

ವಿಧಾನ ಹೀಗೆ. ಲಿವರನ್ನ ತಣ್ಣಗಿರೋ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ, 1.15 ಪರ್ಸೆಂಟು, ರಕ್ತ ಬಿಡೋವರೆಗೂ ತೊಳೀಬೇಕು, ಇಲ್ಲಾಂದ್ರೆ ಹಿಮೋಗ್ಲೋಬಿನ್ ಬಣ್ಣ ಎಲ್ಲ ಕೆಡಿಸತ್ತೆ. ಕತ್ತರೀಲಿ ಸಣ್ಣಗೆ ಕತ್ತರಿಸಿ, ಒಂದು ಗ್ರಾಮಿಗೆ ನಾಕು ಮಿಲಿ ಸಕ್ಕರೆ ಬಫರ್ (ಪಿಎಚ್ ಏರುಪೇರಾಗದ ಹಾಗೆ ಹಿಡಿದಿಡೋ ದ್ರಾವಣ) ಹಾಕಿ, ಐಸಿನ ಮೇಲೆ ಹತ್ತು ಹನ್ನೆರಡು ಸಲ ಗುಂಡು ಆಡಿಸೋದು. ಅದನ್ನ ಸುಮಾರು 9,000 ಜಿ ಬಲದಲ್ಲಿ, ಅಂದ್ರೆ ಭೂಮಿಯ ಗುರುತ್ವದ 9,000 ಪಟ್ಟು, 20 ನಿಮಿಷ ತಿರುಗಿಸಿದ್ರೆ ಕೆಳಗೆ ಗಸಿ, ಮೇಲೆ ಕೊಬ್ಬಿನ ಕೆನೆ, ಮಧ್ಯ ತೆಳು ಕೆಂಪು ತಿಳಿ. ಆ ತಿಳಿಯಲ್ಲಿ ನಮಗೆ ಬೇಕಾದ ಪೊರೆ ಚೂರುಗಳು ತೇಲ್ತಿರ್ತವೆ, ಮೈಕ್ರೋಸೋಮ್ ಅಂತಾರೆ. ಶುದ್ಧವಾಗಿ ಬೇಕು ಅಂದ್ರೆ 1,00,000 ಜಿ ನಲ್ಲಿ ಒಂದು ಗಂಟೆ ತಿರುಗಿಸೋ ಅಲ್ಟ್ರಾಸೆಂಟ್ರಿಫ್ಯೂಜು ಬೇಕು, ಅದು ನಮ್ಮ ಜನ್ಮದಲ್ಲಿಲ್ಲ. ಇನ್ನೊಂದು ಉಪಾಯ ಇದೆ, 8 ಮಿಲಿಮೋಲಾರ್ ಆಗೋಷ್ಟು ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದ್ರೆ ಪೊರೆ ಚೂರುಗಳು ಹಾಲು ಒಡೆದ ಹಾಗೆ ಒಂದಕ್ಕೊಂದು ಅಂಟ್ಕೊಂಡು ಕಮ್ಮಿ ವೇಗಕ್ಕೇ ಕೆಳಗೆ ಕೂರ್ತವೆ.

ಮೂರನೇ ಸಲ ಕ್ಯಾಲ್ಸಿಯಂ ಹಾಕದೆ ಬರೀ ತಿಳಿಯಲ್ಲೇ ಮಾಡಿದ್ವಿ. ಬಫರ್, ಪಿಎಚ್ 7.4, ಅನಿಲಿನ್, ಮೆಗ್ನೀಸಿಯಂ. ಕಿಣ್ವಕ್ಕೆ ಎಲೆಕ್ಟ್ರಾನ್ ಕೊಡೋಕೆ ಎನ್‌ಎಡಿಪಿಎಚ್ ಬೇಕು, ಅದು ದುಬಾರಿ, ಮಳೆಗಾಲದಲ್ಲಿ ಬಾಟ್ಲಿ ಒಂದ್ಸಲ ತೆಗೆದ್ರೆ ತೇವ ಹಿಡಿದು ಹಾಳು. ಅದಕ್ಕೆ ಅಗ್ಗದ ಎನ್‌ಎಡಿಪಿ ಜೊತೆ ಗ್ಲೂಕೋಸ್-6-ಫಾಸ್ಫೇಟ್ ಹಾಕಿದ್ವಿ, ಟ್ಯೂಬಲ್ಲೇ ಎನ್‌ಎಡಿಪಿಎಚ್ ಹುಟ್ಟಲಿ ಅಂತ. 37 ಡಿಗ್ರೀಲಿ ಅರ್ಧ ಗಂಟೆ ಇಟ್ಟು, ಟ್ರೈಕ್ಲೋರೋ ಅಸೆಟಿಕ್ ಆಸಿಡ್ ಹಾಕಿ ಪ್ರೋಟೀನನ್ನ ಗಸಿ ಮಾಡಿ, ತಿರುಗಿಸಿ, ಮೇಲಿನ ತಿಳಿಗೆ ಸೋಡಾ ಮತ್ತೆ ಕ್ಷಾರದಲ್ಲಿ ಕರಗಿಸಿದ ಫೀನಾಲ್ ಹಾಕಿ ಕಾದ್ವಿ.

ನೀಲಿ ಬಂತು. ಆದ್ರೆ ಲಿವರನ್ನ ಕುದಿಸಿ ಹಾಕಿದ್ದ ಟ್ಯೂಬಲ್ಲೂ ಅಷ್ಟೇ ನೀಲಿ! ಸತ್ತ ಕಿಣ್ವ ಹೇಗೆ ಕೆಲಸ ಮಾಡತ್ತೆ. ಒಂದು ವಾರ ತಲೆ ಕೆಡಿಸ್ಕೊಂಡ ಮೇಲೆ ಗೊತ್ತಾಯ್ತು, ನಮ್ಮ ಅನಿಲಿನ್ ಬಾಟ್ಲಿ ಹಳೇದು, ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಗಾಳಿಗೆ ತಾನೇ ಆಕ್ಸಿಡೈಸ್ ಆಗಿ ಏನೇನೋ ಆಗಿತ್ತು. ಚಿಟಿಕೆ ಜಿಂಕ್ ಪುಡಿ ಹಾಕಿ ಡಿಸ್ಟಿಲ್ ಮಾಡಿ ನೀರಿನ ಹಾಗೆ ಬಂದಿದ್ದನ್ನ ಅವತ್ತೇ ಬಳಸಿದ್ವಿ. ಈಗ ಕಲರಿಮೀಟರಲ್ಲಿ ಕುದಿಸಿದ್ದು 0.03, ಹಸಿ ಲಿವರ್ 0.21.

0.21 ಅಂದ್ರೆ ಕಣ್ಣಿಗೆ ಮಳೆ ನಿಂತ ಮೇಲೆ ಮೋಡದ ಸಂದೀಲಿ ಕಾಣೋ ಆಕಾಶದ ಬಣ್ಣ, ತುಂಬ ಏನಲ್ಲ. ಆದ್ರೆ ಪಕ್ಕದ ಟ್ಯೂಬು ಬರೀ ನೀರು ನೋಡಿ. ಹುಡುಗ್ರು ಈ ಸಲ ಕೂಗಲಿಲ್ಲ, ಕಿಟಕಿ ಹತ್ರ ಬೆಳಕಿಗೆ ಹಿಡಿದು ಸುಮ್ಮನೆ ನೋಡಿದ್ರು.

ಇಲ್ಲಿಗೆ ನಿಲ್ಲಿಸಿದ್ರೆ ಆಗಿತ್ತು, ನನಗೆ ಆಸೆ. ಇನ್ನೂ ಶುದ್ಧ ಮಾಡಿದ್ರೆ ಇನ್ನೂ ನೀಲಿ ಬರತ್ತೆ ಅಂತ ಕ್ಯಾಲ್ಸಿಯಂ ಹಾಕಿ ಮೈಕ್ರೋಸೋಮನ್ನ ಬೇರೆ ಮಾಡಿ, ಮೇಲಿನ ತಿಳಿ ಸಿಂಕಿಗೆ ಚೆಲ್ಲಿ, ಚಂದದ ಗುಲಾಬಿ ಗಸಿ ತಗೊಂಡು ಮಾಡಿದ್ರೆ ಬಂದಿದ್ದು 0.04. ಎರಡು ಸಲ ಮಾಡಿದ್ರೂ ಅಷ್ಟೇ. ಶುದ್ಧ ಮಾಡಿದಷ್ಟೂ ಸತ್ತೋಗ್ತಿದೆ, ಇದೆಂಥದು ಮಾರಾಯ್ರೆ ಅಂತ ಬಸ್ಸಲ್ಲಿ ಗಾಜನೂರು ಡ್ಯಾಮ್ ನೋಡ್ತಾ ಕೂತಾಗ ಹೊಳೀತು. ಎನ್‌ಎಡಿಪಿಯನ್ನ ಎನ್‌ಎಡಿಪಿಎಚ್ ಮಾಡೋ ಕಿಣ್ವ, ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸು, ಪೊರೆ ಮೇಲಿರಲ್ಲ, ಜೀವಕೋಶದ ನೀರಲ್ಲಿ ಕರಗಿರತ್ತೆ. ಕೊಳಕು ತಿಳಿಯಲ್ಲಿ ಮಾಡಿದಾಗ ಅದು ಪುಕ್ಕಟೆ ಸಿಕ್ತಿತ್ತು, ನಾನು ಶುದ್ಧ ಮಾಡ್ತೀನಿ ಅಂತ ಅದನ್ನ ಸಿಂಕಿಗೆ ಚೆಲ್ಲಿದ್ದೆ. ಮುಂದಿನ ವಾರ ಅದೇ ಗಸಿಗೆ ಚೆಲ್ಲೋ ತಿಳಿಯನ್ನೇ ಐದು ಹನಿ ವಾಪಸ್ ಹಾಕಿದ್ವಿ. 0.19.

ಹದಿನೆಂಟು ವರ್ಷ ಬೋರ್ಡ್ ಮೇಲೆ ಬಾಣದ ಮೇಲೆ 'ಕಿಣ್ವ' ಅಂತ ಏಕವಚನದಲ್ಲಿ ಬರೆದಿದ್ದು ನಾನೇ. ಒಂದು ಓಎಚ್ ಕೂರಿಸೋಕೆ ಒಬ್ಬ ಸಾಲಲ್ಲ. ಗ್ಲೂಕೋಸಿಂದ ಎಲೆಕ್ಟ್ರಾನ್ ಕಿತ್ತು ಕೊಡೋನು ಒಬ್ಬ, ಅದನ್ನ ಇಸ್ಕೊಂಡು ಒಂದೊಂದಾಗಿ ಕಬ್ಬಿಣಕ್ಕೆ ದಾಟಿಸೋನು ಇನ್ನೊಬ್ಬ, ಆಮೇಲೆ ಸೈಟೋಕ್ರೋಮ್ ಪಿ450, ಇವನು ಯಜಮಾನ. ಗಾಳಿಯ ಆಮ್ಲಜನಕದಲ್ಲಿ ಎರಡು ಪರಮಾಣು ಇರ್ತವಲ್ಲ, ಅದರಲ್ಲಿ ಒಂದನ್ನ ನೀರು ಮಾಡಿ ಕಳಿಸಿ ಇನ್ನೊಂದನ್ನ ಕಬ್ಬಿಣದ ಮೇಲೆ ಹಿಡ್ಕೊಂಡು, ಎದುರಿಗೆ ಗೂಡಲ್ಲಿ ಸರಿಯಾಗಿ ಕೂತಿರೋ ಅಣುವಿನ ಒಂದೇ ಒಂದು ಜಾಗಕ್ಕೆ ಇಡ್ತಾನೆ. ಓಎಚ್‌ನಲ್ಲಿರೋ ಆಮ್ಲಜನಕ ನೀರಿಂದ ಬರಲ್ಲ, ಗಾಳಿಯಿಂದಲೇ ನೇರ ಬರತ್ತೆ. ಕಿಣ್ವಗಳು ಹೀಗೆ ಗಾಳಿಯ ಆಮ್ಲಜನಕವನ್ನೇ ನೇರ ಅಣುವಿಗೆ ಸೇರಿಸ್ತವೆ ಅಂತ ಜಪಾನಿನ ಹಯಾಯಿಶಿ ಮತ್ತೆ ಅಮೆರಿಕಾದ ಮೇಸನ್ ಬೇರೆ ಬೇರೆ ಕಿಣ್ವಗಳಲ್ಲಿ ತೋರಿಸಿದ್ದು 1955ರಲ್ಲಿ, ಗುರುತು ಹಿಡಿಯೋಕೆ ಆಗೋ ಭಾರದ ಆಮ್ಲಜನಕ (ಆಮ್ಲಜನಕ-18) ಬಳಸಿ. ಅಲ್ಲೀವರೆಗೂ ಹೆಚ್ಚಿನವರು ನಂಬ್ತಿರಲಿಲ್ಲ. ನಾವು ಒಂದ್ಸಲ ಟ್ಯೂಬಿಗೆ ಬಿಗಿಯಾಗಿ ಬಿರಡೆ ಹಾಕಿ ಅಲ್ಲಾಡಿಸದೆ ಇಟ್ಟಿದ್ದಕ್ಕೆ ಬಣ್ಣ ಕಮ್ಮಿ ಬಂದಿತ್ತು, ಬಾಯಿ ತೆಗೆದು ಅಲ್ಲಾಡಿಸ್ತಾ ಇಟ್ರೆ ಸರಿ ಹೋಗ್ತಿತ್ತು, ಇದೇ ಕಾರಣ.

ಹೆಸರಲ್ಲಿ 450 ಯಾಕೆ ಅಂತ ಹುಡುಗ್ರು ಕೇಳೇ ಕೇಳ್ತಾರೆ. ಕಾರ್ಬನ್ ಮಾನಾಕ್ಸೈಡ್ ಕೊಟ್ರೆ ಇದು 450 ನ್ಯಾನೋಮೀಟರಲ್ಲಿ ಬೆಳಕು ಹೀರತ್ತೆ, 1958ರಲ್ಲಿ ಕಂಡಿತ್ತು, 1962ರಲ್ಲಿ ಓಮುರಾ ಮತ್ತೆ ಸಾಟೋ ಅನ್ನೋ ಜಪಾನಿನವರು ಹೆಸರಿಟ್ರು. ಅದನ್ನೂ ಮಾಡೋಣ ಸಾರ್ ಅಂದ್ರು. ಕಿಟಕಿ ಬಾಗಿಲು ಸರಿ ಇಲ್ಲದ ಲ್ಯಾಬಲ್ಲಿ ಕಾರ್ಬನ್ ಮಾನಾಕ್ಸೈಡ್ ತಯಾರಿಸೋಕೆ ನಾನು ಒಪ್ಪಲಿಲ್ಲ.

ನೀಲಿ ಬಂದ ಮೇಲೆ ಆಟ ಶುರು ಆಯ್ತು. ಒಂದು ಟ್ಯೂಬಿಗೆ ಒಂದು ಹನಿ ಆಲ್ಕೋಹಾಲ್ ಹಾಕಿದ್ವಿ, 0.21 ಇದ್ದಿದ್ದು 0.09ಕ್ಕೆ ಇಳೀತು. ಅನಿಲಿನ್ ಮೇಲೆ ಕೆಲಸ ಮಾಡೋ ಪಿ450, ಸಿವೈಪಿ2ಇ1 ಅಂತ ಹೆಸರು, ಆಲ್ಕೋಹಾಲನ್ನೂ ತಿನ್ನತ್ತೆ, ಹಾಗಾಗಿ ಗೂಡಿಗೆ ಇಬ್ಬರೂ ಮುಗಿಬೀಳ್ತಾರೆ. ತಮಾಷೆ ಅಂದ್ರೆ ಇದು ಒಂದು ಹನಿಯ ಲೆಕ್ಕ, ದಿನಾ ಕುಡಿಯೋನ ಲಿವರ್‌ನಲ್ಲಿ ಉಲ್ಟಾ, ಅಲ್ಲಿ ಈ ಕಿಣ್ವವೇ ಜಾಸ್ತಿ ಆಗಿರತ್ತೆ, ಅಂಥೋರು ಜ್ವರ ಅಂತ ಪ್ಯಾರಾಸಿಟಮಾಲ್ ಎಗ್ಗಿಲ್ಲದೆ ನುಂಗಿದ್ರೆ ಅದೇ ಕಿಣ್ವ ಅದರಿಂದ ಲಿವರ್ ಸುಡೋ ವಿಷ ಮಾಡತ್ತೆ.

ಪ್ಯಾರಾಸಿಟಮಾಲ್ ಮಾತು ಬಂತಲ್ಲ. ಬಿಎಸ್ಸಿ ಮಾಡಿದ ಎಲ್ಲರೂ ಲ್ಯಾಬಲ್ಲಿ ಅಸೆಟನಿಲೈಡ್ ಮಾಡಿರ್ತಾರೆ, ಬೆಳ್ಳಗೆ ಹೊಳೆಯೋ ಹರಳು, ಪರೀಕ್ಷೇಲಿ ಮಾರ್ಕ್ಸ್ ಬರೋದೇ ಅದಕ್ಕೆ. ಅದು 1886ರಲ್ಲಿ ಜ್ವರದ ಔಷಧಿ ಆಗಿ ಬಂದಿತ್ತು. ಜ್ವರವೇನೋ ಇಳೀತಿತ್ತು, ತುಟಿ ಉಗುರು ನೀಲಿ ಆಗ್ತಿತ್ತು. ಅರವತ್ತು ವರ್ಷ ಆದ ಮೇಲೆ, 1948ರಲ್ಲಿ ಬ್ರೋಡಿ ಮತ್ತೆ ಆಕ್ಸೆಲ್‌ರಾಡ್ ಅನ್ನೋರು ನೋಡಿದ್ರೆ, ನುಂಗಿದ ಅಸೆಟನಿಲೈಡಿಗೆ ದೇಹ ಪ್ಯಾರಾ ಜಾಗದಲ್ಲಿ ಒಂದು ಓಎಚ್ ಹಾಕ್ತಿದೆ, ಜ್ವರ ಇಳಿಸ್ತಿದ್ದಿದ್ದು ಆ ಓಎಚ್ ಬಿದ್ದಿದ್ದೇ. ಅದೇ ಪ್ಯಾರಾಸಿಟಮಾಲ್. ನಾವು ಇವತ್ತು ಡೋಲೋ ಅಂತ ನುಂಗೋದನ್ನ ಆ ಕಾಲದಲ್ಲಿ ರೋಗಿಯ ಲಿವರೇ ತಯಾರಿಸಿ ಕೊಡ್ತಿತ್ತು. ಉಳಿದ ಸ್ವಲ್ಪ ಭಾಗ ಅನಿಲಿನ್ ಆಗ್ತಿತ್ತು, ಆ ಅನಿಲಿನ್‌ಗೆ ಅದೇ ಲಿವರ್ ಉಂಗುರದ ಮೇಲೆ ಹಾಕೋ ಬದಲು ನೈಟ್ರೋಜನ್ ಮೇಲೆ ಓಎಚ್ ಹಾಕಿದ್ರೆ ಫೀನೈಲ್ ಹೈಡ್ರಾಕ್ಸಿಲಮೀನ್, ಅದು ರಕ್ತದ ಕಬ್ಬಿಣವನ್ನ ಕೆಡಿಸಿ ಆಮ್ಲಜನಕ ಹೊರದ ಹಾಗೆ ಮಾಡತ್ತೆ, ತುಟಿ ನೀಲಿ ಆಗ್ತಿದ್ದಿದ್ದು ಅದಕ್ಕೆ. ಅನಿಲಿನ್ ಮುಟ್ಟೋವಾಗ ಗ್ಲೌಸ್ ಬೇಕೇ ಬೇಕು ಅಂತ ನಾನು ಬೈಯೋದೂ ಅದಕ್ಕೇ, ಚರ್ಮದಿಂದಲೇ ಒಳಗೆ ಹೋಗತ್ತೆ. ಎಷ್ಟೋ ಪುಸ್ತಕದಲ್ಲಿ ಈ ಪಾಠಕ್ಕೆ 'ವಿಷನಿವಾರಣೆ' ಅಂತ ತಲೆಬರಹ ಇರತ್ತೆ. ನಾನು ಆ ಪದ ಬಿಟ್ಟೆ. ಲಿವರ್‌ಗೆ ಇದು ಔಷಧಿ ಇದು ವಿಷ ಅಂತ ಗೊತ್ತಿಲ್ಲ, ಗೂಡಲ್ಲಿ ಕೂತಿದ್ದಕ್ಕೆ ಓಎಚ್ ಹಾಕತ್ತೆ ಅಷ್ಟೇ.

ಇನ್ನೊಂದ್ಸಲ ಒಂದೇ ದಿನ ಎರಡು ಮೇಕೆ ಲಿವರ್ ಸಿಕ್ತು. ಒಂದರಲ್ಲಿ 0.21, ಇನ್ನೊಂದರಲ್ಲಿ 0.39. ತಪ್ಪು ಮಾಡಿದೀವಿ ಅಂತ ಪ್ರೋಟೀನ್ ಅಳೆದು ಸರಿದೂಗಿಸಿ ಮತ್ತೆ ಮಾಡಿದ್ರೂ ಹೆಚ್ಚುಕಮ್ಮಿ ಅದೇ ಅಂತರ. ಮನುಷ್ಯರಲ್ಲೂ ಹೀಗೇನಾ ಸಾರ್ ಅಂದ ಒಬ್ಬ. ಇದಕ್ಕೆ ಲಂಡನ್ನಿನ ರಾಬರ್ಟ್ ಸ್ಮಿತ್ ಕಥೆ ಹೇಳ್ದೆ. ಎಪ್ಪತ್ತರ ದಶಕದಲ್ಲಿ ಡೆಬ್ರಿಸೋಕ್ವಿನ್ ಅನ್ನೋ ಬಿಪಿ ಮಾತ್ರೆನ ಪ್ರಯೋಗಕ್ಕೆ ಅಂತ ತಾನೇ ನುಂಗಿದ, ಜೊತೆಗಾರರೂ ನುಂಗಿದ್ರು, ಅವರಿಗೆಲ್ಲ ಏನೂ ಆಗಲಿಲ್ಲ, ಇವನ ಬಿಪಿ ಮಾತ್ರ ಪಾತಾಳಕ್ಕೆ ಇಳಿದು ನಿಲ್ಲೋಕಾಗದೆ ಬಿದ್ದ. ನೋಡಿದ್ರೆ ಆ ಮಾತ್ರೆಗೆ ಓಎಚ್ ಹಾಕೋ ಕಿಣ್ವ, ಈಗ ಸಿವೈಪಿ2ಡಿ6 ಅಂತಾರೆ, ಅವನಲ್ಲಿ ಹುಟ್ಟಿನಿಂದಲೇ ಕೆಲಸ ಮಾಡ್ತಿರಲಿಲ್ಲ. 1977ರಲ್ಲಿ ಅದು ಪ್ರಕಟ ಆಯ್ತು. ಮನುಷ್ಯನಲ್ಲಿ ಇಂಥ ಪಿ450 ಜೀನ್‌ಗಳು 57 ಇವೆ, ಯಾವುದು ಯಾರಲ್ಲಿ ಚುರುಕು ಯಾರಲ್ಲಿ ಮಂದ ಅಂತ ಮುಖ ನೋಡಿ ಹೇಳೋಕಾಗಲ್ಲ.

ಇಷ್ಟೆಲ್ಲ ಆದ ಮೇಲೆ ಚಿಕ್ಕಮ್ಮನ ಮನೆಗೆ ಹೋದೆ. ಕಾರ್ತಿಕ ಮಾಸ, ಅಡಿಕೆ ಕೊಯ್ಲು, ಜಗಲಿ ತುಂಬ ಮೆಟ್ಟುಗತ್ತಿ ಹಾಕ್ಕೊಂಡು ಸುಲಿಯೋರು ಕೂತಿದ್ರು. ಅವತ್ತು ಕಾರಲ್ಲಿ ಕೇಳಿದ್ರಲ್ಲ ಚಿಕ್ಕಮ್ಮ, ಲಿವರಲ್ಲಿ ಎಂತ ನಿಂತೋಯ್ತು ಅಂತ, ಇದು ನೋಡಿ ಅಂದೆ. ನಿಮ್ಮ ಮಾತ್ರೆ ಎಣ್ಣೆ ಜಾತೀದು, ನೀರಿಗೆ ಒಗ್ಗಲ್ಲ, ಹಾಗಾಗಿ ಮೂತ್ರದಲ್ಲಿ ಸುಮ್ಮನೆ ಹೊರಗೆ ಹೋಗಲ್ಲ. ಲಿವರ್ ಅದಕ್ಕೆ ಒಂದು ಗೂಟ ಹೊಡೀಬೇಕು, ಆ ಗೂಟಕ್ಕೆ ಸಕ್ಕರೆ ಜಾತಿಯ ಆಸಿಡ್ ಒಂದನ್ನ ಹಗ್ಗ ಕಟ್ಟಿದ ಹಾಗೆ ಕಟ್ಬೇಕು, ಆಮೇಲೆ ನೀರಲ್ಲಿ ಕರಗಿ ಹೋಗತ್ತೆ. ಗೂಟ ಹೊಡಿಯೋದೇ ಹೈಡ್ರಾಕ್ಸಿಲೇಷನ್. ಹೊಡಿಯೋರು ಈ ಸುಲಿಯೋರ ಹಾಗೆ, ಎಂಟು ಜನ ಅಂದ್ರೆ ಎಂಟೇ ಜನ. ದಿನಕ್ಕೆ ಬರೋ ಗೊನೆ ಅವರ ಕೈಗೆ ಮೀರದಿದ್ರೆ ಸಂಜೆಗೆ ಜಗಲಿ ಖಾಲಿ. ಒಂದ್ಸಲ ಎಂಟೂ ಕೈ ಭರ್ತಿ ಆಯ್ತು ಅನ್ನಿ, ಆಮೇಲೆ ದಿನಾ ಒಂದೇ ಒಂದು ಡಬ್ಬ ಅಡಿಕೆ ಹೆಚ್ಚಿಗೆ ಬಂದ್ರೂ ಅದು ಅಲ್ಲೇ ಉಳಿದು ಉಳಿದು ರಾಶಿ ಬೀಳತ್ತೆ.

"ಅದು ಸರಿ, ನಾ ಜಾಸ್ತಿ ನುಂಗ್ಲಿಲ್ವಲ್ಲೋ" ಅಂದ್ರು.

ನೀವು ನುಂಗ್ಲಿಲ್ಲ, ಐಸೋನಿಯಾಜಿಡ್ ಬಂದು ಎಂಟು ಜನದಲ್ಲಿ ಅರ್ಧ ಜನರ ಕೈ ಕಟ್ಟಿ ಕೂರಿಸ್ತು ಅಂದೆ. ಚಿಕ್ಕಮ್ಮ ಸುಲಿಯೋರ ಕಡೆ ನೋಡಿ "ಹೋದ್ವರ್ಷ ಇಬ್ಬರು ಬಿಟ್ಟೋದಾಗ ಆದ ಪರದಾಟ ನಂಗೊತ್ತಿಲ್ವಾ" ಅಂದ್ರು. ನನ್ನ ಕ್ಲಾಸಿನವರಿಗೆ ಇದನ್ನ ಗ್ರಾಫ್ ಹಾಕಿ ಎರಡು ಪಿರಿಯಡ್ ಹೇಳಿದೀನಿ, ಇಷ್ಟು ಬೇಗ ಯಾರಿಗೂ ಹೊಳೆದಿರಲಿಲ್ಲ. ಫೆನಿಟಾಯಿನ್ ವಿಷಯದಲ್ಲಿ ಇದು ತೀರ ನಾಜೂಕು, ಅದಕ್ಕೆ ಗೂಟ ಹೊಡಿಯೋ ಮುಖ್ಯ ಕಿಣ್ವ ಸಿವೈಪಿ2ಸಿ9, ಮಾಮೂಲಿ ಡೋಸಲ್ಲೇ ಅದರ ಕೈ ಹೆಚ್ಚುಕಮ್ಮಿ ತುಂಬಿರತ್ತೆ, 300 ಮಿಲಿಗ್ರಾಂ ತಗೊಳ್ಳೋನು 400 ಮಾಡ್ಕೊಂಡ್ರೆ ರಕ್ತದಲ್ಲಿ ಮೂರನೇ ಒಂದು ಪಾಲು ಏರೋ ಬದಲು ಕೆಲವರಲ್ಲಿ ದುಪ್ಪಟ್ಟು ದಾಟತ್ತೆ. ಇನ್ನು ಐಸೋನಿಯಾಜಿಡನ್ನ ಹೊರಗೆ ಹಾಕೋ ದಾರಿ ಬೇರೆ, ಅಸೆಟೈಲ್ ಗುಂಪು ಅಂಟಿಸೋದು, ಅದು ಹುಟ್ಟಿನಿಂದ ನಿಧಾನ ಇರೋರು ನಮ್ಮಲ್ಲಿ ತುಂಬ ಜನ, ಅಂಥೋರಲ್ಲಿ ಈ ಕೈಕಟ್ಟು ಇನ್ನೂ ಜೋರು. ಟಿಬಿಗೇ ಕೊಡೋ ರಿಫಾಂಪಿಸಿನ್ ಮಾಡೋದು ಪೂರ್ತಿ ಉಲ್ಟಾ, ಅದು ಇನ್ನಷ್ಟು ಸುಲಿಯೋರನ್ನ ಕರ್ಕೊಂಡು ಬರತ್ತೆ, ಆಗ ಫಿಟ್ಸ್ ಮಾತ್ರೆ ಸಾಲದೆ ಹೋಗಬಹುದು. ಹಾಗಾಗಿ ಇದನ್ನ ಓದಿ ಯಾರೂ ತಾವೇ ಡೋಸ್ ಏರಿಸೋದು ಇಳಿಸೋದು ಮಾಡ್ಬೇಡಿ, ಚಿಕ್ಕಮ್ಮನಿಗೆ ಡಾಕ್ಟ್ರು ರಕ್ತ ನೋಡಿ ನೋಡಿಯೇ ಇಳಿಸಿದ್ದು, ಆರು ತಿಂಗಳು ಮುಗಿದ ಮೇಲೆ ಮತ್ತೆ ನೋಡಿ ಏರಿಸಿದ್ದು.

ಹೊರಡೋವಾಗ ಚಿಕ್ಕಮ್ಮ ಹಿತ್ತಲಿಂದ ಎರಡು ಚಕ್ಕೋತ ಕಿತ್ತು ಚೀಲಕ್ಕೆ ಹಾಕಿದ್ರು. ನಂಗೆ ಈಗ ಚಕ್ಕೋತ ನೋಡಿದ್ರೂ ಪಿ450 ನೆನಪಾಗತ್ತೆ, ಕರ್ಮ. 1989ರಲ್ಲಿ ಕೆನಡಾದಲ್ಲಿ ಬೈಲಿ ಅನ್ನೋರು ಫೆಲೋಡಿಪಿನ್ ಅನ್ನೋ ಬಿಪಿ ಮಾತ್ರೆ ಜೊತೆ ಆಲ್ಕೋಹಾಲ್ ಕೊಟ್ಟು ನೋಡೋವಾಗ, ಆಲ್ಕೋಹಾಲ್ ರುಚಿ ಗೊತ್ತಾಗದಿರಲಿ ಅಂತ ಗ್ರೇಪ್‌ಫ್ರೂಟ್ ರಸದಲ್ಲಿ ಬೆರೆಸಿದ್ರು, ರಕ್ತದಲ್ಲಿ ಮಾತ್ರೆ ಅಳತೆ ಯರ್ರಾಬಿರ್ರಿ ಏರಿತ್ತು, ಹುಡುಕಿದ್ರೆ ಕಾರಣ ಆಲ್ಕೋಹಾಲ್ ಅಲ್ಲ, ರಸ. ಅದರಲ್ಲಿರೋ ಫ್ಯುರನೋಕೌಮರಿನ್ ಅನ್ನೋ ವಸ್ತು ಕರುಳಿನ ಸಿವೈಪಿ3ಎ4ನ ಕೆಡಿಸತ್ತೆ. ಗ್ರೇಪ್‌ಫ್ರೂಟ್ ಅಂದ್ರೆ ಬೇರೆ ಯಾರೂ ಅಲ್ಲ, ನಮ್ಮ ಚಕ್ಕೋತಕ್ಕೂ ಕಿತ್ತಳೆಗೂ ಹುಟ್ಟಿದ ಮಗು, ಚಕ್ಕೋತದಲ್ಲೂ ಆ ವಸ್ತು ಇದೆ. ಚಿಕ್ಕಮ್ಮನ ಮಾತ್ರೆ ಬೇರೆ ಕಿಣ್ವದ್ದು, ಅವರು ತಿನ್ನಲಿ. ಕೊಲೆಸ್ಟ್ರಾಲ್ ಮಾತ್ರೆ, ಕೆಲವು ಬಿಪಿ ಮಾತ್ರೆ, ಕಿಡ್ನಿ ಕಸಿ ಆದೋರ ಮಾತ್ರೆ ತಗೊಳ್ಳೋರು ಮಾತ್ರ ದಿನಾ ಚಕ್ಕೋತ ತಿನ್ನೋ ಮುಂಚೆ ಡಾಕ್ಟರಿಗೆ ಒಂದು ಮಾತು ಕೇಳಿ.

ವಿಟಮಿನ್ ಡಿ ರಿಪೋರ್ಟಲ್ಲಿ 25 ಹೈಡ್ರಾಕ್ಸಿ ಅಂತ ಬರೆದಿರತ್ತಲ್ಲ, ಅದೂ ಇದೇ, ಲಿವರ್ 25ನೇ ಜಾಗದಲ್ಲಿ ಓಎಚ್ ಹಾಕಿರೋದನ್ನ ಅಳೆದಿರ್ತಾರೆ. ಕಿಡ್ನಿ ಇನ್ನೊಂದು ಓಎಚ್ ಹಾಕಿದ ಮೇಲೇ ಅದು ಕೆಲಸಕ್ಕೆ ಬರೋದು, ಹಾಗಾಗಿ ಕಿಡ್ನಿ ಕೆಟ್ಟೋರಿಗೆ ಆ ಎರಡನೇ ಓಎಚ್ ಮೊದಲೇ ಇರೋ ಮಾತ್ರೆ ಕೊಡ್ತಾರೆ. ಇದನ್ನ ಬರೆಯೋಕೆ ಕೂತ್ರೆ ಇನ್ನೊಂದು ಕಥೆ ಆಗತ್ತೆ.

ಪ್ರಾಜೆಕ್ಟ್ ವೈವಾ ದಿನ ಹೊರಗಿಂದ ಬಂದ ಪರೀಕ್ಷಕರು ನಾಕೂ ಟ್ಯೂಬ್ ಎತ್ತಿ ನೋಡಿ, ಇಷ್ಟು ತೆಳು ಬಣ್ಣಕ್ಕೆ ಇಷ್ಟು ದೊಡ್ಡ ರಿಪೋರ್ಟಾ ಅಂದ್ರು. ಹುಡುಗ್ರು ಮುಖ ಸಪ್ಪೆ ಮಾಡ್ಕೊಂಡ್ರು, ಮಾರ್ಕ್ಸ್ ಸುಮಾರಾಗಿ ಬಂತು. ಫ್ರೀಜರಲ್ಲಿ ಉಳಿಸಿದ್ದ ಮೈಕ್ರೋಸೋಮು ಮುಂದಿನ ಮಳೆಗಾಲದ ಮೊದಲ ಗಾಳೀಲಿ ಮೂರು ದಿನ ಕರೆಂಟು ಹೋಗಿ ನಾರೋಕೆ ಶುರುವಾಯ್ತು, ಬ್ಲೀಚಿಂಗ್ ಪೌಡರ್ ಹಾಕಿ ಹೂತಿದ್ದು ನಾನೇ.

ಮೊನ್ನೆ ಸಂತೇಲಿ ಮಟನ್ ಅಂಗಡಿಯವನು ಸಿಕ್ಕ, ಪಕ್ಕದಲ್ಲಿ ನನ್ನ ಹೆಂಡ್ತಿ ಇದಾಳೆ ಅಂತಾನೂ ನೋಡದೆ "ಏನ್ ಮೇಷ್ಟ್ರೇ, ಬರೋದೇ ಬಿಟ್ರಿ, ಆ ಔಷಧಿ ಹಿಡೀತಾ?" ಅಂದ. ಹಿಡೀತು ಮಾರಾಯಾ, ಈ ವರ್ಷ ಹೊಸ ಹುಡುಗ್ರು ಬಂದಿದಾರೆ, ಮತ್ತೆ ಬರ್ತೀನಿ, ಪಿತ್ತ ಮಾತ್ರ ಒಡೀಬೇಡ ಅಂದೆ.